ತಲೆಕೆಳಗಾದ ಆರು

ಸಾರೆಲ್ ಕೋವ್, ನಾರ್ತ್ ಕೆರೊಲಿನಾ
ಏಪ್ರಿಲ್ 8, 1981

ನೆಲ್ಡಾ,

ನೀನು ಫೋನ್ ಮಾಡಿ ಮಾಡಿ ಸಾಕಾಗಿ ಕೊನೆಗೆ ನಿನ್ನ ಚಿಕ್ಕಮ್ಮ ರೂಬಿ ಮನೆಗೆ ಮಾಡಿದೆಯಂತೆ. ಇಲ್ಲಿ ಗಂಟೆ ಬಡಿದದ್ದು ನನಗೆ ಕೇಳಿಸಲೇ ಇಲ್ಲ. ಎಂಜಿನ್ನುಗಳು ತಿಂದು ಬಿಟ್ಟ ಕಿವಿ ಇದು. ಈಗ ಇದರೊಳಗೆ ಹೋಗುವುದು ಚರ್ಚಿನ ಗಂಟೆ ಮತ್ತು ರೂಬಿಯ ಗಂಡ ಹಾಯ್ಟ್‌ನ ಗಂಟಲು, ಅಷ್ಟೇ. ಹೇಳುವುದಿದ್ದರೆ ಬರೆದು ಹೇಳು, ನಾನೂ ಹಾಗೇ ಮಾಡುತ್ತೇನೆ.

ಆ ಹಾಯ್ಟ್ ನಿನ್ನೆ ಬೆಳಿಗ್ಗೆ ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಅವನು ಟೋಪಿ ತೆಗೆದದ್ದನ್ನು ನಾನು ಸ್ಮಶಾನದಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ.

"ಯಾರೋ ಸತ್ತಿದ್ದು?" ಎಂದೆ.

"ಯಾರೂ ಸತ್ತಿಲ್ಲ ಕಣೇ. ರೇಸಿನ ಟ್ರ್ಯಾಕಲ್ಲಿ ಜನ ಕೂರೋಕೆ ಹೊಸ ಗ್ಯಾಲರಿ ಕಟ್ತಿದ್ದಾರಲ್ಲ, ಅದಕ್ಕೆ ನಿನ್ನ ಹೆಸರಿಡ್ತಾರಂತೆ."

"ನನ್ನ ಹೆಸರನ್ನ ನಮ್ಮಪ್ಪ ಆಗ್ಲೇ ನನಗಿಟ್ಟಾಗಿದೆ. ಗ್ಯಾಲರಿಗೆ ಬೇರೆ ಹುಡುಕಿಕೊಳ್ಳಲಿ."

ಬಾಯಲ್ಲಿ ಹಾಗಂದೆ. ಅವನು ಹೋದಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ ಕಣೇ, ನಿಜ ಹೇಳುತ್ತೇನೆ. ನಾನು ಮೊದಲ ದಿನ ಆ ಟ್ರ್ಯಾಕಿಗೆ ಹೋದಾಗ ಹೆಂಗಸರಿಗೆ ಒಂದು ಕಕ್ಕಸು ಕೂಡ ಇರಲಿಲ್ಲ ಅಲ್ಲಿ. ಈಗ ಗ್ಯಾಲರಿಗೆ ಹೆಸರು!

ಅಕ್ಟೋಬರಿನ ರೇಸಿನ ದಿನ ಉದ್ಘಾಟನೆ. ರೇಸು ಶುರುವಾಗುವ ಮುಂಚೆ ನಮ್ಮ ಕಪ್ಪು ಫೋರ್ಡಿನಲ್ಲಿ ನಾನು ಎಲ್ಲರ ಮುಂದೆ ಒಂದು ಸುತ್ತು ಹಾಕಬೇಕಂತೆ. ಬಾಗಿಲಿಗೆ ಬಂಗಾರದ ಬಣ್ಣದಲ್ಲಿ ನಿಮ್ಮ ರೇಸಿನ ನಂಬರ್ ಒಂಬತ್ತು ಬರೆಸುತ್ತೇವೆ, ಶಾರ್ಲೆಟ್‌ನಿಂದ ಪೇಂಟರ್ ಕರೆಸುತ್ತೇವೆ ಎಂದರು ಕಮಿಟಿಯವರು. ಬಾಗಿಲು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.

ಅವರಿಗೆ ಇನ್ನೊಂದು ಮಾತೂ ಹೇಳಿ ಕಳಿಸಿದ್ದೇನೆ. ಅದನ್ನು ನಿನಗೂ ಹೇಳುತ್ತೇನೆ. ನನ್ನ ಮಗಳು ಬಂದರೆ ಓಡಿಸುತ್ತೇನೆ, ಬಾರದಿದ್ದರೆ ಇಲ್ಲ. ನೀನು ಒಂಬತ್ತು ವರ್ಷದವಳಿದ್ದಾಗ ಆ ಟ್ರ್ಯಾಕಿನಿಂದ ಹೊರಗೆ ಹೋದವಳು ಮತ್ತೆ ಕಾಲಿಟ್ಟಿಲ್ಲ. ನಾನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ, ಬಾ.

ನಿನ್ನ ಅಮ್ಮ,
ವೆಸ್ಟಾ

&nbsp;

ಏಕ್ರನ್, ಒಹಾಯೊ
ಏಪ್ರಿಲ್ 27, 1981

ಅಮ್ಮಾ,

ಪತ್ರ ತಲುಪಿತು. ತುಂಬ ಖುಷಿಯಾಯಿತು. ನನ್ನ ಗಂಡ ರೇ ಅಂತೂ ಅದನ್ನು ಟಯರ್ ಕಾರ್ಖಾನೆಗೆ ತೆಗೆದುಕೊಂಡು ಹೋಗಿ ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದಾನೆ. ಅವನ ಮೇಸ್ತ್ರಿ ನಿಮ್ಮ ಕಡೆಯವನೇ. ಭಾನುವಾರ ಮನೆಗೇ ಬಂದ. "ನೀವು ವೆಸ್ಟಾ ಆಬ್ಶರ್ ಮಗಳಾ? ಅವರು ತಿರುವಿಗೆ ಬರೋ ಮುಂಚೇನೇ ಕಾರನ್ನ ಅಡ್ಡ ಎಸೀತಿದ್ರಲ್ಲ, ಅದನ್ನ ನೋಡೋಕೆ ನಮ್ಮಪ್ಪ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಹೋಗ್ತಿದ್ದ" ಎಂದು ನನ್ನ ಕೈ ಹಿಡಿದು ಕುಲುಕಿದ. ಬಿಡಲೇ ಇಲ್ಲ ಪುಣ್ಯಾತ್ಮ. ನಾನು ಕಾಫಿ ಕೊಟ್ಟು ಕಳಿಸಿದೆ.

ಆದರೆ ಅಕ್ಟೋಬರಿನಲ್ಲಿ ಬರುವುದು ಕಷ್ಟ. ಶಾಲೆ ನಡೆಯುತ್ತಿರುತ್ತದೆ, ಅಲ್ಲಿನ ಅಡುಗೆಮನೆ ಬಿಟ್ಟು ಬರಲಾಗುವುದಿಲ್ಲ. ನಿನ್ನ ಕಣ್ಣಿಗೆ ಪೊರೆ ಬಂದಿದೆ ಎಂದು ರೂಬಿ ಚಿಕ್ಕಮ್ಮ ಹೇಳಿದಳು. ನೀನು ಅದನ್ನು ಬರೆಯಲೇ ಇಲ್ಲ. ಪೊರೆ ಬಂದ ಕಣ್ಣಲ್ಲಿ ಕಾರು ಓಡಿಸುವುದು ಬೇಡ ಅಮ್ಮ. ಕುರ್ಚಿ ಹಾಕಿಸಿಕೊಂಡು ಕೂತು ಹಾರ ಹಾಕಿಸಿಕೋ. ಫೋಟೊ ತೆಗೆಸಿ ಕಳಿಸು, ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುತ್ತೇನೆ.

ಕ್ರಿಸ್‌ಮಸ್‌ಗೆ ಖಂಡಿತ ಬರುತ್ತೇವೆ.

ಪ್ರೀತಿಯಿಂದ,
ನೆಲ್ಡಾ

&nbsp;

ಸಾರೆಲ್ ಕೋವ್
ಮೇ 5, 1981

ನೆಲ್ಡಾ,

ಶನಿವಾರ ಶಾಲೆ ನಡೆಸುವ ಊರು ಯಾವುದಮ್ಮ ಅದು? ರೇಸು ಇರುವುದು ಶನಿವಾರ. ಸುಳ್ಳು ಹೇಳುವುದಾದರೆ ಸ್ವಲ್ಪ ಮರ್ಯಾದೆಯ ಸುಳ್ಳು ಹೇಳು. ಕಳ್ಳಭಟ್ಟಿ ಸಾಗಿಸಿದವಳ ಮಗಳು ನೀನು, ಅಷ್ಟೂ ಬರುವುದಿಲ್ಲವೇ?

ಪೊರೆ ಬಂದಿರುವುದು ನಿಜ. ಬಲಗಣ್ಣಿಗೆ ಬಂದಿದೆ. ನಾವು ತಿರುಗುವುದು ಎಡಕ್ಕೆ.

ನಿನಗೆ ಎಲ್ಲ ಮರೆತುಹೋಗಿದೆ ಎಂದು ಕಾಣುತ್ತದೆ, ಅದಕ್ಕೇ ನೆನಪು ಮಾಡಿಕೊಡುತ್ತೇನೆ. ಮೊದಲ ರೇಸಿಗೆ ಹೋಗಬೇಕಾದವನು ನಿಮ್ಮಪ್ಪ ಡ್ಯೂಯಿ. ಪೀಠೋಪಕರಣದ ಕಾರ್ಖಾನೆಯಲ್ಲಿ ವಾರವಿಡೀ ಮೇಜಿನ ಕಾಲು ಕಡೆದು, ಶನಿವಾರ ರೇಸು ಓಡಿಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಶುಕ್ರವಾರ ಅವನಿಗೆ ಕೂರುವ ಜಾಗದಲ್ಲೇ ಕುರು ಎದ್ದಿತು. ನಿಂತರೆ ಆನೆ, ಕೂತರೆ ಅಳುಮುಂಜಿ. ಟ್ರ್ಯಾಕಿಗೆ ಹೋಗುವಾಗಲೂ ನಾನೇ ಓಡಿಸಿದ್ದು. ಅವನು ಹಿಂದಿನ ಸೀಟಿನಲ್ಲಿ ಬೋರಲು ಮಲಗಿ, ಪ್ರತಿ ಹಳ್ಳಕ್ಕೂ ನನ್ನ ವಂಶವನ್ನೇ ಬೈಯುತ್ತಾ ಬಂದ. ಆಮೇಲೆ ನಾನೇ ಓಡಿಸುತ್ತೇನೆ ಎಂದಾಗ ರೇಸು ಶುರುಮಾಡಿಸುವ ಬಾವುಟದವನು ಅಡ್ಡ ನಿಂತ.

"ಹೆಂಗಸರು ಓಡಿಸೋ ಹಾಗಿಲ್ಲ ಕಣಮ್ಮ."

"ಕಾರಿಗೆ ಅದು ಗೊತ್ತಿಲ್ಲ. ನೀವೂ ಹೇಳೋಕೆ ಹೋಗ್ಬೇಡಿ" ಎಂದೆ.

ಸುತ್ತ ನಿಂತವರು ನಕ್ಕರು. ನಕ್ಕವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಅವನಿಗೆ ಇರಲಿಲ್ಲ. ಓಡಿಸಲಿ ಬಿಡು, ಎರಡು ಸುತ್ತಿಗೆ ಅಳುತ್ತಾ ಇಳಿಯುತ್ತಾಳೆ ಎಂದರು. ನಾನು ಹದಿನಾರು ವರ್ಷಕ್ಕೇ ನಮ್ಮಪ್ಪನ ಕಳ್ಳಭಟ್ಟಿ ಜಾಡಿಗಳನ್ನು ಹಿಂದೆ ತುಂಬಿಕೊಂಡು ಬೆಟ್ಟದ ದಾರಿಯಲ್ಲಿ ಇಳಿದವಳು. ಹಿಂದೆ ಪೊಲೀಸರ ದೀಪ, ಪಕ್ಕದಲ್ಲಿ ಪ್ರಪಾತ. ಒಂದು ಜಾಡಿಯೂ ಒಡೆಯಬಾರದು. ಅಂಥವಳಿಗೆ ಕೆಮ್ಮಣ್ಣಿನ ಚಪ್ಪಟೆ ನೆಲದ ಮೇಲೆ, ಹಿಂದೆ ಪೊಲೀಸರಿಲ್ಲದೆ ಓಡಿಸುವುದು ಎಂದರೆ ತವರಿಗೆ ಹೋದ ಹಾಗಿತ್ತು. ಆ ದಿನ ಮೂರನೆಯವಳಾಗಿ ಬಂದೆ. ಹಾಯ್ಟ್ ಮೊದಲು ಬಂದ. ಅವನ ಮೋರೆ ನೋಡಬೇಕಿತ್ತು ನೀನು, ಸೋತವನು ಅವನೇ ಎಂದುಕೊಳ್ಳಬೇಕಿತ್ತು.

ನಂಬರಿನದು ನೆನಪಿದೆಯೇ? ನಿನಗಾಗ ಆರು ವರ್ಷ. ಅದಕ್ಕೇ ಆರು ಬೇಕೆಂದೆ. ಅದು ಹಾಯ್ಟ್ ಮಿಂಟನ್‌ದು, ಕೊಡಲಾಗದು ಎಂದರು. ನಾನು ಮೋರೆ ಗಂಟು ಹಾಕಿಕೊಂಡು ನಿಂತಿದ್ದೆ. ನೀನು ಕೈಯಲ್ಲಿ ಸೇಬಿನ ಕಡುಬು ಹಿಡಿದುಕೊಂಡು, ಬಾಯಲ್ಲಿ ಅರ್ಧ ಇಟ್ಟುಕೊಂಡೇ ಹೇಳಿದೆ: "ಆರನ್ನ ತಲೆಕೆಳಗು ಮಾಡಮ್ಮ. ಅದು ಯಾರ್ದೂ ಅಲ್ವಲ್ಲ." ಬೂಟಿಗೆ ಹಚ್ಚುವ ಬಿಳಿ ಪಾಲಿಶ್ ಬಾಟಲಿ ತೆಗೆದುಕೊಂಡು ನೀನೇ ಎರಡೂ ಬಾಗಿಲಿಗೆ ಬರೆದೆ. ಅಲ್ಲಿಂದ ಪ್ರತಿ ಶನಿವಾರ ನೀನೇ ಬರೆಯುತ್ತಿದ್ದೆ. ಸಂಜೆ ನಾವಿಬ್ಬರೂ ಬಕೆಟ್ ಇಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುತ್ತಿದ್ದೆವು. ಭಾನುವಾರ ಅದೇ ಕಾರಿನಲ್ಲಿ ಚರ್ಚಿಗೆ ಹೋಗಬೇಕಲ್ಲ! ಬಾಗಿಲ ಮೇಲೆ ರೇಸಿನ ನಂಬರ್ ಇಟ್ಟುಕೊಂಡು ದೇವರ ಮುಂದೆ ಹೋಗುವುದೇ ಎಂದು ಪಾದ್ರಿಯ ಹೆಂಡತಿ ಒಂದು ಸಲ ಕೇಳಿದ್ದಳು. ಒಂದು ಸಲ ಸಾಕಾಯಿತು ನನಗೆ.

ಹೀಗಿದ್ದ ಹುಡುಗಿ ಒಂದು ದಿನ ಇದ್ದಕ್ಕಿದ್ದ ಹಾಗೆ ಪಾಲಿಶ್ ಬಾಟಲಿ ಮೇಜಿನ ಮೇಲಿಟ್ಟು "ಇನ್ನು ನಾನು ಬರಿಯಲ್ಲ" ಎಂದಳು. ಚರ್ಚಿನ ಹೆಂಗಸರು ನಿನ್ನ ಕಿವಿ ಊದಿರಬೇಕು, ಅಮ್ಮನಿಂದ ನಿನಗೆ ನಾಚಿಕೆಯಾಗಿರಬೇಕು ಎಂದುಕೊಂಡು ಸುಮ್ಮನಾದೆ. ನಾಚಿಕೆಯಾದರೂ ಪರವಾಗಿಲ್ಲ, ಬಾಯಿ ಬಿಟ್ಟು ಹೇಳು. ಯಾಕೆ ಬರುವುದಿಲ್ಲ? ನೆಟ್ಟಗೆ ಬರೆ.

ಅಮ್ಮ

&nbsp;

ಏಕ್ರನ್
ಜುಲೈ 19, 1981

ಅಮ್ಮಾ,

ಈ ಪತ್ರವನ್ನು ಎಷ್ಟೋ ಸಲ ಶುರುಮಾಡಿ ಹರಿದುಹಾಕಿದ್ದೇನೆ. ನೆಟ್ಟಗೆ ಬರೆ ಎಂದೆಯಲ್ಲ, ಬರೆಯುತ್ತೇನೆ.

ನನಗೆ ನಿನ್ನಿಂದ ನಾಚಿಕೆ ಆಗಿದ್ದೇ ಇಲ್ಲ. ಶಾಲೆಯಲ್ಲಿ ಎಲ್ಲರ ಅಮ್ಮಂದಿರೂ ಟೊಮೆಟೊ ಜಾಡಿಗೆ ತುಂಬುವವರು, ನನ್ನಮ್ಮ ಮಾತ್ರ ಗಂಡಸರಿಗೆ ಧೂಳು ತಿನ್ನಿಸಿ ಬರುವವಳು. ನಿನ್ನನ್ನು ಕಂಡರೆ ನನಗೆ ಜಗತ್ತಿನಲ್ಲಿ ಇವಳಿಗಿಂತ ದೊಡ್ಡವರಿಲ್ಲ ಅನ್ನಿಸುತ್ತಿತ್ತು. ಅದಕ್ಕೇ ಅಷ್ಟು ನೋವಾದದ್ದು.

ನನಗಾಗ ಒಂಬತ್ತು ವರ್ಷ. ಆ ಕಾರು ಮಗುಚಿದ ದಿನ ನಾನು ಟ್ರ್ಯಾಕಿನ ನಡುವಿನ ಹುಲ್ಲಿನಲ್ಲಿ, ನಮ್ಮವರೆಲ್ಲ ಗಾಡಿ ನಿಲ್ಲಿಸುವ ಕಡೆ, ರೂಬಿ ಚಿಕ್ಕಮ್ಮನ ಜೊತೆ ಬೇಲಿಗೆ ಒರಗಿ ನಿಂತಿದ್ದೆ. ಇಬ್ಬರೂ ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದೆವು. ಆಚೆ ತಿರುವಿನಲ್ಲಿ ದೊಡ್ಡ ಧೂಳು ಎದ್ದಿತು, ಏನೂ ಕಾಣಲಿಲ್ಲ. ಮೈಕಿನವನು ಕೂಗಿದ: "ಆರನೇ ನಂಬರ್ ಮಗುಚಿದೆ! ಹಾಯ್ಟ್ ಮಿಂಟನ್ ಕಾರು ತಲೆಕೆಳಗಾಗಿದೆ!" ರೂಬಿ ಚಿಕ್ಕಮ್ಮ ಅಯ್ಯೋ ಎಂದವಳು ಅಲ್ಲೇ ಕುಸಿದುಬಿದ್ದಳು. ಎಲ್ಲರೂ ಅವಳ ಸುತ್ತ ಸೇರಿದರು.

ಆಮೇಲೆ ಧೂಳು ಸ್ವಲ್ಪ ಇಳಿಯಿತು. ಬಾಗಿಲ ಮೇಲಿನ ಆರು ನನಗೂ ಕಂಡಿತು. ಅದರ ಬಾಲ ಡೊಂಕಾಗಿತ್ತು ಅಮ್ಮ, ಹಂದಿಮರಿಯ ಬಾಲದ ಹಾಗೆ. ಹಾಯ್ಟ್ ಮಾಮನ ಆರನ್ನು ಬೋರ್ಡು ಬರೆಯುವವನು ಬರೆದದ್ದು, ನೆಟ್ಟಗಿತ್ತು. ಡೊಂಕು ಬಾಲ ನಾನು ಬರೆದ ಒಂಬತ್ತಿಗೆ ಮಾತ್ರ ಇದ್ದದ್ದು. ಮೈಕಿನವನಿಗೆ ಗೊತ್ತಾಗಲಿಲ್ಲ, ಇಡೀ ಗ್ಯಾಲರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಆರನ್ನು ತಲೆಕೆಳಗು ಮಾಡಿದ್ದೇ ನಾನಲ್ಲವೇ.

"ನಮ್ಮಮ್ಮ! ಅದು ನಮ್ಮಮ್ಮ!" ಎಂದು ಗಂಟಲು ಹರಿದುಹೋಗುವ ಹಾಗೆ ಕೂಗಿದೆ. ಎಲ್ಲರೂ ರೂಬಿ ಚಿಕ್ಕಮ್ಮನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು, ನನ್ನ ಕೂಗು ಯಾರಿಗೂ ಬೇಕಾಗಿರಲಿಲ್ಲ. ಗಂಡಸರು ಓಡಿಹೋಗಿ ಕಾರನ್ನು ಹಿಡಿದು ಉರುಳಿಸಿ ಚಕ್ರದ ಮೇಲೆ ನಿಲ್ಲಿಸಿದರು. ಈಗ ಇಳಿಯುತ್ತಾಳೆ, ಈಗ ಬರುತ್ತಾಳೆ ಎಂದು ಬೇಲಿ ಹಿಡಿದುಕೊಂಡು ನಿಂತಿದ್ದೆ. ನೀನು ಇಳಿಯಲಿಲ್ಲ. ಎಂಜಿನ್ ಶುರುಮಾಡಿ ಹೊರಟೇಬಿಟ್ಟೆ. ಜನ ಹುಚ್ಚೆದ್ದು ಕೂಗಿದರು. ನೀನು ಕಿಟಕಿಯಿಂದ ಕೈ ಹೊರಗೆ ಹಾಕಿ ಗ್ಯಾಲರಿಗೆ ಬೀಸುತ್ತಾ, ಹಲ್ಲು ಬಿಟ್ಟು ನಗುತ್ತಾ, ಸುತ್ತಿನ ಮೇಲೆ ಸುತ್ತು ಹಾಕಿದೆ. ರೇಸು ಮುಗಿಯುವವರೆಗೂ ನಾನು ಅಳುತ್ತಲೇ ಇದ್ದೆ.

ಒಂದೇ ಒಂದು ಸಲ ನಿಲ್ಲಿಸಬಹುದಿತ್ತು ಅಮ್ಮ. ಅವರ ಚಪ್ಪಾಳೆಗಿಂತ ಮುಂಚೆ ನನ್ನ ಹತ್ತಿರ ಬರಬಹುದಿತ್ತು.

ಇಷ್ಟೇ. ನೀನು ಇಷ್ಟು ವರ್ಷ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಹೆಸರಿನ ಗ್ಯಾಲರಿ ನಿನಗೆ ಸಲ್ಲಬೇಕಾದದ್ದೇ. ನಾನಿಲ್ಲದೆಯೂ ಓಡಿಸು.

ನೆಲ್ಡಾ

&nbsp;

ಸಾರೆಲ್ ಕೋವ್
ಆಗಸ್ಟ್ 23, 1981

ನೆಲ್ಡಾ ಮಗಳೇ,

ನಾನು ಹಾಯ್ಟ್ ಮಾಮ. ನನ್ನ ಅಕ್ಷರ ಕೋಳಿ ಕೆರೆದ ಹಾಗಿರುತ್ತದೆ, ಹೊಂದಿಸಿಕೊಂಡು ಓದು. ರೂಬಿ ಎದುರಿಗೇ ಸೌಟು ಹಿಡಿದುಕೊಂಡು ಕೂತಿದ್ದಾಳೆ. "ಬರೀತೀಯೋ ಇಲ್ವೋ, ನೀನು ಬರಿಯೋವರೆಗೂ ಅನ್ನ ಇಲ್ಲ" ಎಂದಿದ್ದಾಳೆ.

ನಿನ್ನ ಅಮ್ಮ ಕಮಿಟಿಗೆ ಹೇಳಿ ಕಳಿಸಿದ್ದಾಳೆ, ನಾನು ಓಡಿಸುವುದಿಲ್ಲ, ನನ್ನ ಹೆಸರನ್ನೂ ಇಡಬೇಡಿ ಅಂತ. ಯಾಕೆ ಎಂದು ಕೇಳಲು ಹೋದರೆ ಬಾಗಿಲು ಹಾಕಿಕೊಂಡಳು. ವೆಸ್ಟಾ ನನ್ನನ್ನು ಬೈಯದೆ ಒಂದು ವಾರ ಕಳೆದದ್ದು ನನ್ನ ಆಯುಷ್ಯದಲ್ಲೇ ಇಲ್ಲ, ನನಗೆ ಹೆದರಿಕೆಯಾಯಿತು. ಕೊನೆಗೆ ನಿನ್ನ ಕಾಗದವನ್ನು ರೂಬಿಯ ಮಡಿಲಿಗೆ ಹಾಕಿ "ಓದು" ಎಂದಳಂತೆ. ರೂಬಿ ಗಟ್ಟಿಯಾಗಿ ಓದಿದಳು, ನಾನು ಕಿಟಕಿಯಾಚೆ ನಿಂತು ಕೇಳಿಸಿಕೊಂಡೆ. ಓದಿ ಮುಗಿಸಿ ರೂಬಿ, "ನಡೆದದ್ದನ್ನ ಅವಳಿಗೆ ಬರಿಯೇ" ಎಂದರೆ, ನಿನ್ನಮ್ಮ, "ಮೂವತ್ತು ವರ್ಷ ಆದ್ಮೇಲೆ ಹೇಳಿದ್ರೆ ಕಥೆ ಕಟ್ತಿದ್ದಾಳೆ ಅನ್ನಲ್ವಾ" ಎಂದಳು. ನಿಮ್ಮಿಬ್ಬರದೂ ಮೂಗು ಒಂದೇ, ಹಠವೂ ಒಂದೇ. ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾನು ಕಥೆ ಕಟ್ಟುವವನಲ್ಲ, ಅಷ್ಟು ಬುದ್ಧಿ ದೇವರು ಕೊಟ್ಟಿಲ್ಲ.

ಆ ದಿನ ನಾನು ಮುಂದಿದ್ದೆ. ವೆಸ್ಟಾ ನನ್ನ ಹಿಂದೆಯೇ ಇದ್ದಳು. ಯಾವನೋ ಒಬ್ಬ ಅವಳ ಚಕ್ರಕ್ಕೆ ಚಕ್ರ ತಾಗಿಸಿದ. ಕನ್ನಡಿಯಲ್ಲಿ ಅವಳ ಕಾರಿನ ಹೊಟ್ಟೆ ಕಾಣಿಸಿತು. ನಾನು ನಿಲ್ಲಿಸಿ ಓಡಿದೆ. ಗೆಲ್ಲುವುದಿದ್ದರೆ ಅವಳ ಎದುರಿಗೆ ಗೆಲ್ಲಬೇಕು, ಇಲ್ಲದಿದ್ದರೆ ಏನು ರುಚಿ? ನಾನು ಓಡುತ್ತಿದ್ದಾಗಲೇ ಮೈಕಿನವನು ನಾನು ಮಗುಚಿಕೊಂಡೆ ಎಂದು ಕೂಗುತ್ತಿದ್ದ. ನನ್ನ ಸಾವಿನ ಸುದ್ದಿ ಕೇಳಿಸಿಕೊಂಡು ಓಡಿದ ಗಂಡಸು ಈ ಜಿಲ್ಲೆಯಲ್ಲಿ ನಾನೊಬ್ಬನೇ.

ನಿನ್ನಮ್ಮ ಹೇಸರಗತ್ತೆಯನ್ನು ಗಾಡಿಗೆ ಕಟ್ಟುವ ಪಟ್ಟಿಯಿಂದ ಮಾಡಿದ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಳು. ಕೂದಲಲ್ಲಿ ರಕ್ತ, ಕೊರಳ ಕೆಳಗಿನ ಎಲುಬು ಮುರಿದು ಬಲಗೈ ಭುಜದ ಮಟ್ಟಕ್ಕೆ ಏಳುತ್ತಿರಲಿಲ್ಲ. ನಾನು ಬೆಲ್ಟ್ ಬಿಚ್ಚಲು ಹೋದರೆ ಎಡಗೈಯಲ್ಲಿ ನನ್ನ ಕಪಾಳಕ್ಕೆ ಬಿಟ್ಟಳು.

"ಮೈಕಿನವನು ಆರು ಅಂದ್ನಾ ಹಾಯ್ಟ್? ಆರು ಅಂದ್ನಾ?"

"ಆರು ಅಂದ ಕಣೇ, ಮೊದಲು ಹೊರಗೆ ಬಾ!"

"ಸದ್ಯ! ಹಾಗಾದ್ರೆ ನೆಲ್ಡಾಗೆ ಗೊತ್ತಾಗಿಲ್ಲ. ಬಿಚ್ಬೇಡ್ವೋ! ಕಾರು ತಿರುಗಿಸ್ರೋ ಬೇಗ. ಒಂಬತ್ತು ಎಲ್ಲಿ ಅಂತ ಮಗು ಹುಡುಕ್ತಾ ಇರುತ್ತೆ. ನಾನು ಸುತ್ತು ಬರದೇ ಇದ್ರೆ ಅದಕ್ಕೆ ಗೊತ್ತಾಗೋಗುತ್ತೆ!"

ಇದು ಅವಳು ಆಡಿದ ಮಾತು. ಬೈಗುಳ ಬಿಟ್ಟು ಬರೆದಿದ್ದೇನೆ, ರೂಬಿ ಓದುತ್ತಾಳೆ. ನಾವು ಎಂಟು ಹತ್ತು ಜನ ಸೇರಿ ಎತ್ತಿ ನಿಲ್ಲಿಸಿದೆವು. ಮುಖದ ರಕ್ತವನ್ನು ನನ್ನ ಅಂಗಿಯ ತೋಳಿನಿಂದ ಒರೆಸಿಕೊಂಡು, "ಹಲ್ಲಿಗೆ ರಕ್ತ ಹತ್ತಿದ್ಯಾ ನೋಡು" ಎಂದು ಕೇಳಿ, ಇಲ್ಲ ಎಂದ ಮೇಲೆ ಹೊರಟಳು. ನಿನಗೆ ನಗು ಕಾಣಬೇಕಲ್ಲ, ಅದಕ್ಕೆ.

ಈಗ ಮುಖ್ಯವಾದ ಮಾತು. ಅವಳು ಗ್ಯಾಲರಿಗೆ ಕೈ ಬೀಸಿದಳು ಎಂದು ಬರೆದಿದ್ದೀಯಲ್ಲ. ನಾವು ಓಡಿಸುವುದು ಎಡಕ್ಕೆ ತಿರುಗುತ್ತಾ. ಗ್ಯಾಲರಿ ಇರುವುದು ಹೊರಗಡೆ, ಬಲಕ್ಕೆ. ಚಾಲಕನ ಕಿಟಕಿ ಇರುವುದು ಎಡಕ್ಕೆ. ಎಡಗಡೆ ಏನಿತ್ತು? ಹುಲ್ಲು, ನಿಲ್ಲಿಸಿದ ಗಾಡಿಗಳು, ಬೇಲಿ. ಬೇಲಿಯ ಹತ್ತಿರ ನೀನು. ಆ ಕಿಟಕಿಯಿಂದ ಕೈ ಹಾಕಿ ಗ್ಯಾಲರಿಗೆ ಬೀಸಲು ಯಾರಿಂದಲೂ ಆಗುವುದಿಲ್ಲ, ಗ್ಯಾಲರಿಯವರಿಗೆ ಆ ಕೈ ಕಾಣುವುದೂ ಇಲ್ಲ. ಮುರಿದ ಕಡೆಯ ಕೈಯಲ್ಲಿ ಸ್ಟೀರಿಂಗ್ ಹಿಡಿದು, ನೆಟ್ಟಗಿದ್ದ ಕೈಯನ್ನು ಪ್ರತಿ ಸುತ್ತಿಗೂ ನಿನಗಾಗಿ ಹೊರಗೆ ಹಾಕುತ್ತಿದ್ದಳು. ಇಷ್ಟು ವರ್ಷ ರೇಸು ಓಡಿಸಿದ ನಾನು ಅಂಥ ಚಾಲನೆಯನ್ನು ಇನ್ನೊಂದು ನೋಡಿಲ್ಲ. ಆ ದಿನ ಅವಳು ಕೊನೆಯವಳಾಗಿ ಬಂದಳು. ಕೊನೆಯವಳನ್ನು ಜನ ಹೆಗಲ ಮೇಲೆ ಹೊತ್ತದ್ದು ಅದೊಂದೇ ಸಲ.

ನಿನ್ನ ಡೊಂಕು ಬಾಲ ಅವಳ ಲೆಕ್ಕಕ್ಕೆ ಬರಲಿಲ್ಲ, ಅಷ್ಟೇ. ಮಗುಚಿದ್ದು ಅವಳೇ ಎಂದು ಆ ಹೊತ್ತಿನಲ್ಲಿ ನಿನಗೆ ಗೊತ್ತಾಗಿಲ್ಲ ಎಂದೇ ಇಲ್ಲಿಯವರೆಗೂ ನಂಬಿದ್ದಳು.

ಮುಗಿಯಿತು. ಸೌಟು ಕೆಳಗಿಟ್ಟಳು. ಊಟಕ್ಕೆ ಹೋಗುತ್ತೇನೆ.

ಹಾಯ್ಟ್ ಮಾಮ

&nbsp;

ಏಕ್ರನ್
ಸೆಪ್ಟೆಂಬರ್ 2, 1981

ಅಮ್ಮಾ,

ಹಾಯ್ಟ್ ಮಾಮನ ಕಾಗದ ಬಂತು. ಅವನನ್ನು ಬೈಯಬೇಡ.

ಓದಿ ಮುಗಿಸಿ ಹೊರಗೆ ಹೋಗಿ ನಮ್ಮ ಕಾರಿನ ಸ್ಟೀರಿಂಗ್ ಹಿಂದೆ ಕೂತೆ. ಎಡಗೈ ಕಿಟಕಿಯಿಂದ ಹೊರಗೆ ಹಾಕಿ ನೋಡಿದೆ. ನಾನು ತನಗೇ ಕೈ ಬೀಸುತ್ತಿದ್ದೇನೆ ಎಂದುಕೊಂಡು ಪಕ್ಕದ ಮನೆಯವಳೂ ಬೀಸಿದಳು. ಅಲ್ಲೇ ಕೂತುಕೊಂಡು ಅತ್ತೆ. ರೇ ಓಡಿಬಂದು ಏನಾಯಿತು, ಬ್ಯಾಟರಿ ಹೋಯಿತಾ ಎಂದು ಕೇಳಿದ.

ಬಾವುಟದವನಿಂದ ಹಿಡಿದು ಎಲ್ಲರಿಗೂ ನೀನು ಎಷ್ಟು ದೊಡ್ಡವಳೆಂದು ಗೊತ್ತಿತ್ತು. ಬೇಲಿ ಹಿಡಿದುಕೊಂಡು ನಿಂತ ನನಗೊಬ್ಬಳಿಗೇ ಗೊತ್ತಾಗಲಿಲ್ಲ.

ಕಮಿಟಿಯವರಿಗೆ ಓಡಿಸುತ್ತೇನೆಂದು ಹೇಳಿಬಿಡು. ನಾವು ಶುಕ್ರವಾರ ಸಂಜೆಗೆ ಬರುತ್ತೇವೆ. ಬಿಳಿ ಪಾಲಿಶ್ ಅಂಗಡಿಗಳಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ, ನರ್ಸುಗಳು ಬೂಟಿಗೆ ಹಚ್ಚುವುದೊಂದನ್ನು ಹುಡುಕಿ ತಂದಿಟ್ಟಿದ್ದೇನೆ. ಬಾಗಿಲಿಗೆ ಯಾರೂ ಕೈ ಹಚ್ಚಬಾರದು.

ನಿನ್ನ,
ನೆಲ್ಡಾ

&nbsp;

ಸಾರೆಲ್ ಕೋವ್
ಅಕ್ಟೋಬರ್ 12, 1981

ನೆಲ್ಡಾ ಮಗಳೇ,

ನೀವು ಸುಖವಾಗಿ ತಲುಪಿದಿರಿ ಎಂದು ರೂಬಿ ಬಂದು ಹೇಳಿದಳು. ನಿನ್ನ ಟಯರಿನ ಗಂಡ ನಮ್ಮ ಫೋರ್ಡಿನ ಟಯರುಗಳನ್ನು ನೋಡಿ ತಲೆ ಚಚ್ಚಿಕೊಂಡನಲ್ಲ, ಅದನ್ನು ಹಾಯ್ಟ್ ಈಗಲೂ ಅಂಗಡಿಯಲ್ಲಿ ನಟನೆ ಮಾಡಿ ತೋರಿಸುತ್ತಿದ್ದಾನಂತೆ.

ಮೊದಲು ನಿನ್ನನ್ನು ಬೈಯುತ್ತೇನೆ. ನಿನಗೋಸ್ಕರ ಹೊಸ ಗ್ಯಾಲರಿಯಲ್ಲಿ, ನನ್ನ ಹೆಸರಿನ ಕೆಳಗೇ, ಮೆತ್ತೆ ಹಾಕಿದ ಕುರ್ಚಿ ಇಟ್ಟಿದ್ದರು. ಕಮಿಟಿಯವರು ನಿನ್ನನ್ನು ಊರೆಲ್ಲ ಹುಡುಕಿದರು. ನೀನು ಹೋಗಿ ಬೇಲಿಯ ಹತ್ತಿರ ನಿಂತಿದ್ದೆ.

ಒಂದು ಸುತ್ತು ಎಂದು ಒಪ್ಪಿಕೊಂಡಿದ್ದೆ. ಮೊದಲ ಸುತ್ತಿನಲ್ಲಿ ನೀನು ಕಾಣಲಿಲ್ಲ. ಪೊರೆಯೋ, ನೀರೋ, ಏನೋ ಕಣ್ಣಿಗೆ ಅಡ್ಡ ಬಂತು. ಎಡಗಡೆ ಒಂದು ಹಳದಿ ಬಣ್ಣ ಕಂಡ ಹಾಗಾಯಿತು, ನಿನ್ನ ತಲೆಗೆ ಕಟ್ಟಿದ ಬಟ್ಟೆ ಇರಬೇಕು ಎಂದುಕೊಂಡು ಕೈ ಹೊರಗೆ ಹಾಕಿದೆ. ನಿಜವಾಗಿ ನೀನೇನಾ ಎಂದು ನೋಡಬೇಕಿತ್ತಲ್ಲ, ಅದಕ್ಕೇ ಎರಡನೇ ಸುತ್ತು ಹೋದೆ. ಹಾಯ್ಟ್ ಬಾವುಟ ಹಿಡಿದುಕೊಂಡು "ಸಾಕು ಇಳಿಯೇ, ಹಿಂದೆ ರೇಸಿನವರು ಕಾಯ್ತಿದ್ದಾರೆ!" ಎಂದು ಕುಣಿಯುತ್ತಿದ್ದ. ಅವನ ಮೇಲಿನ ಕೋಪಕ್ಕೆ ಮೂರನೇ ಸುತ್ತು ಹೋದೆ. ಆವಾಗ ಸ್ಪಷ್ಟವಾಗಿ ಕಂಡಿತು. ಎರಡೂ ಕೈ ಎತ್ತಿ ಬೀಸುತ್ತಿದ್ದೆ ನೀನು, ಮೂವತ್ತೆಂಟು ವರ್ಷದ ಹೆಂಗಸು, ಬೇಲಿಯ ಕೆಳಗಿನ ಹಲಗೆಯ ಮೇಲೆ ಕಾಲಿಟ್ಟು ಹತ್ತಿ ನಿಂತಿದ್ದೆ. ಬಿದ್ದು ಕಾಲು ಮುರಿದುಕೊಂಡಿದ್ದರೆ?

ನೀನು ಹೊರಟಮೇಲೆ ಡಾರ್ಲಾ ಎಂಬ ಹುಡುಗಿ ಬಂದಿದ್ದಳು, ಶನಿವಾರದ ರೇಸಿನಲ್ಲಿ ನಾಲ್ಕನೆಯವಳಾಗಿ ಬಂದವಳು. ಬಾಗಿಲು ಮುಟ್ಟಬಹುದಾ ಎಂದು ಕೇಳಿದಳು. ಪಾಪ, ನನ್ನ ಕಿವಿಗೋಸ್ಕರ ಕೂಗಿಯೇ ಮಾತಾಡಿದಳು. "ನೀವು ಓಡಿಸಿದ್ದಕ್ಕೇ, ಅಜ್ಜಿ, ನಮಗೆಲ್ಲ ಇವತ್ತು ಬಾಗಿಲು ತೆಗೆದಿರೋದು" ಎಂದಳು. ಅಜ್ಜಿ ಎಂದದ್ದಕ್ಕೆ ಸ್ವಲ್ಪ ಸಿಟ್ಟು ಬಂತು, ಆದರೂ ಒಂಬತ್ತರ ಅಂಚು ಅಳಿಸದ ಹಾಗೆ ಮುಟ್ಟು ಎಂದೆ. ಬಾಲ ಯಾಕೆ ಡೊಂಕು ಎಂದು ಕೇಳಿದಳು. ನನ್ನ ಮಗಳು ಬರೆದದ್ದು, ಅವಳಿಗೆ ಹಾಗೇ ಬರುವುದು ಎಂದೆ.

ಇನ್ನೊಂದು ಸುದ್ದಿ. ಶನಿವಾರ ಸಂಜೆ ನೀನು ಅಭ್ಯಾಸಬಲದಿಂದ ಬಕೆಟ್ಟು, ಬಟ್ಟೆ ತೆಗೆದುಕೊಂಡು ಬಂದೆಯಲ್ಲ, ಬಿಡು, ನಾನು ಆಮೇಲೆ ಒರೆಸುತ್ತೇನೆ ಎಂದು ನಿನ್ನನ್ನು ಒಳಗೆ ಕಳಿಸಿದೆ. ಒರೆಸಲಿಲ್ಲ. ನಿನ್ನೆ ಬೆಳಿಗ್ಗೆ ನಿಮ್ಮನ್ನು ಕಳಿಸಿಕೊಟ್ಟು, ಅದೇ ಕಾರಿನಲ್ಲಿ ಚರ್ಚಿಗೆ ಹೋದೆ. ಹಾಯ್ಟ್ ಮುಂದೆ ಅವನ ಟ್ರಕ್ಕಿನಲ್ಲಿ ಆಮೆ ಹಾಗೆ ದಾರಿ ತೋರಿಸಿಕೊಂಡು ಹೋದ, ನಾನು ಹಿಂದೆ. ಎಲ್ಲರೂ ಮೆಟ್ಟಿಲ ಮೇಲೆ ನಿಂತಿದ್ದರು. ಈಗಿನ ಪಾದ್ರಿಯ ಹೆಂಡತಿ ಒಳ್ಳೆಯವಳು, ಪಾಪ, ನನ್ನ ಕಿವಿಗೇ ಬಾಯಿಟ್ಟು ಹೇಳಿದಳು: "ವೆಸ್ಟಾ ಅಮ್ಮ, ಬಾಗಿಲು ಒರೆಸೋದು ಮರ್ತಿದ್ದೀರ."

"ಮರ್ತಿಲ್ಲ ಕಣಮ್ಮ" ಎಂದು ಹೇಳಿ ಒಳಗೆ ಹೋಗಿ ನನ್ನ ಜಾಗದಲ್ಲಿ ಕೂತೆ.

ಇವತ್ತು ಮೋಡ ಹಾಕಿದೆ. ಮಳೆ ಬಂದರೆ ಪಾಲಿಶ್ ಹರಿದುಹೋಗುತ್ತದೆ ಎಂದು ಕಾರನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿ ಬಂದೆ. ಬಾಟಲಿಯನ್ನು ನೀನು ಅಡುಗೆಮನೆಯ ಮೇಜಿನ ಮೇಲೆ, ಅವತ್ತು ಇಟ್ಟ ಜಾಗದಲ್ಲೇ, ಬಿಟ್ಟು ಹೋಗಿದ್ದೀಯ. ಅರ್ಧ ಇನ್ನೂ ಉಳಿದಿದೆ. ಒಣಗುವುದರೊಳಗೆ ಬಾ.

ನಿನ್ನ ಅಮ್ಮ